ಟಿಕೆಟ್ಟೂ ನಿಮ್ಮದೇ, ಕೆಲಸವೂ ನಿಮ್ಮದೇ: ಲಿವರ್‌ಪೂಲಿನ ನಾನೂರು ಜನರ ಆಟ

2017ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಹೆಸರು 'ವೆಲ್‌ಕಮ್ ಟು ದ ಡಾರ್ಕ್ ಏಜಸ್'. ಟಿಕೆಟ್ಟಿಗೆ 100 ಪೌಂಡ್. ಮಾರಾಟಕ್ಕೆ ಇಟ್ಟದ್ದು 400 ಟಿಕೆಟ್ ಮಾತ್ರ. ಒಳಗೆ ಏನು ನಡೆಯುತ್ತದೆ ಅಂತ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ಒಂದು ಷರತ್ತು ಮಾತ್ರ ಸ್ಪಷ್ಟವಾಗಿತ್ತು: ಟಿಕೆಟ್ ಕೊಂಡವರು ಪ್ರೇಕ್ಷಕರಲ್ಲ, ಸ್ವಯಂಸೇವಕರು. ಅಂದರೆ ದುಡ್ಡು ಕೊಟ್ಟವರೇ ದುಡಿಯಬೇಕು. ಅಷ್ಟಾದರೂ ಟಿಕೆಟ್ಟುಗಳು ಖರ್ಚಾದವು.

ಕರೆದವರು ಬಿಲ್ ಡ್ರಮಂಡ್ ಮತ್ತು ಜಿಮ್ಮಿ ಕಾಟಿ. 'ಕೆಎಲ್‌ಎಫ್' ಅನ್ನುವ ಹೆಸರಿನಲ್ಲಿ 1990ರ ಆಸುಪಾಸಿನಲ್ಲಿ ಬ್ರಿಟನ್ನಿನ ಡಾನ್ಸ್ ಸಂಗೀತವನ್ನು ಆಳಿದ ಜೋಡಿ ಇದು. 1992ರಲ್ಲಿ, ಹೆಸರು ತುತ್ತತುದಿಯಲ್ಲಿದ್ದಾಗ, ಬ್ರಿಟನ್ನಿನ ಸಂಗೀತಗಾರರಿಗೆ ಕೊಡುವ ಬ್ರಿಟ್ ಪ್ರಶಸ್ತಿ ಸಮಾರಂಭದ ವೇದಿಕೆಯಲ್ಲಿ ಡ್ರಮಂಡ್ ಮೆಷಿನ್ ಗನ್ ಹಿಡಿದು ಸಭಿಕರ ಕಡೆಗೆ ಗುಂಡಿಲ್ಲದ ತೋಟಾ ಹಾರಿಸಿದ. ಕೆಲವೇ ತಿಂಗಳಲ್ಲಿ ಇಬ್ಬರೂ ಸಂಗೀತ ಬಿಟ್ಟರು. ತಮ್ಮ ಹಳೆಯ ರೆಕಾರ್ಡುಗಳನ್ನು ಬ್ರಿಟನ್ನಿನ ಮಾರುಕಟ್ಟೆಯಿಂದಲೇ ವಾಪಸ್ ತಗೊಂಡರು. ಆಮೇಲೆ, 1994ರ ಆಗಸ್ಟ್ 23ರಂದು, ಸ್ಕಾಟ್ಲೆಂಡಿನ ಜುರಾ ದ್ವೀಪದ ಒಂದು ದೋಣಿಮನೆಯಲ್ಲಿ ಕೂತು 10 ಲಕ್ಷ ಪೌಂಡ್ ನಗದು ಸುಟ್ಟರು. ಎಲ್ಲವೂ 50 ಪೌಂಡಿನ ನೋಟುಗಳು. ಲೆಕ್ಕ ಹಾಕಿದರೆ 20,000 ನೋಟು. ಒಲೆಗೆ ಹಾಕಿ ಮುಗಿಸೋಕೆ ಒಂದು ತಾಸಿಗೂ ಜಾಸ್ತಿ ಹಿಡಿಯಿತು. ಯಾಕೆ ಸುಟ್ಟಿರಿ ಅಂತ ಕೇಳಿದರೆ ಅವರ ಹತ್ತಿರವೇ ಸರಿಯಾದ ಉತ್ತರ ಇರಲಿಲ್ಲ. ಕೊನೆಗೆ 23 ವರ್ಷ ಈ ವಿಷಯ ಎತ್ತೋದಿಲ್ಲ ಅಂತ ತೀರ್ಮಾನಿಸಿದರು. ನಡುವೆ 2004ರಲ್ಲಿ ಡ್ರಮಂಡ್ ಬಿಬಿಸಿ ಮುಂದೆ 'ತಪ್ಪಾಯ್ತು ಅನಿಸುತ್ತದೆ' ಎನ್ನುವ ಅರ್ಥದ ಮಾತಾಡಿದ್ದುಂಟು. ಆದರೂ ದಿನಾಂಕ ಮಾತ್ರ ಮರೆಯಲಿಲ್ಲ. ನೋಟು ಸುಟ್ಟು ಸರಿಯಾಗಿ 23 ವರ್ಷ ತುಂಬಿದ ದಿನವೇ ಲಿವರ್‌ಪೂಲಿನ ಆಟ ಶುರುವಾಯಿತು.

ಮತ್ತೆ ಮತ್ತೆ 23 ಯಾಕೆ ಬರುತ್ತಿದೆ? ಈ ಪ್ರಶ್ನೆ ಹಿಡಿದು ಹೋದರೆ ಒಬ್ಬ ಲೇಖಕನ ಹತ್ತಿರ ತಲುಪುತ್ತೇವೆ. ಆತನನ್ನು ಅರ್ಥ ಮಾಡಿಕೊಳ್ಳದೆ ಈ ಕಾರ್ಯಕ್ರಮ ಅರ್ಥವಾಗೋದಿಲ್ಲ. ಸುಮ್ನೆ ಇಬ್ಬರು ತಿಕ್ಕಲರ ದುಂದು ಅನಿಸುತ್ತದೆ.

ಎಲ್ಲ ಪುಕಾರೂ ನಿಜವಾಗಿದ್ದರೆ?

ರಾಬರ್ಟ್ ಆಂಟನ್ ವಿಲ್ಸನ್ ಹುಟ್ಟಿದ್ದು 1932ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. 1960ರ ದಶಕದ ಕೊನೆಯಲ್ಲಿ 'ಪ್ಲೇಬಾಯ್' ಪತ್ರಿಕೆಯ ಸಂಪಾದಕ ಬಳಗದಲ್ಲಿದ್ದ. ಓದುಗರ ಪತ್ರಗಳನ್ನು ನೋಡಿಕೊಳ್ಳೋದು ಆತನ ಮತ್ತು ಸಹೋದ್ಯೋಗಿ ರಾಬರ್ಟ್ ಶೇ ಅವರ ಕೆಲಸ. ಕೆನಡಿಯನ್ನು ಕೊಂದವರು ಇವರು, ಸರ್ಕಾರವನ್ನು ಗುಟ್ಟಾಗಿ ನಡೆಸುವವರು ಅವರು ಅಂತ ರಾಶಿ ರಾಶಿ ಪತ್ರ ಬರುತ್ತಿದ್ದವು. ಒಂದು ಪತ್ರ ಹೇಳಿದ್ದಕ್ಕೆ ಇನ್ನೊಂದು ತಾಳೆ ಆಗುತ್ತಿರಲಿಲ್ಲ. ಇಬ್ಬರಿಗೂ ಒಂದು ತಮಾಷೆ ಹೊಳೆಯಿತು. ಈ ಪುಕಾರುಗಳೆಲ್ಲ ಏಕಕಾಲಕ್ಕೆ ನಿಜ ಅಂತ ಇಟ್ಟುಕೊಂಡು ಒಂದು ಕಾದಂಬರಿ ಬರೆದರೆ ಹೇಗೆ?

ಹಾಗೆ ಹುಟ್ಟಿದ್ದು 1975ರಲ್ಲಿ ಮೂರು ಭಾಗಗಳಾಗಿ ಬಂದ 'ಇಲ್ಯುಮಿನೇಟಸ್!'. ಅದರಲ್ಲಿ ಗುಪ್ತಸಂಘಗಳಿವೆ, ಬಂಗಾರದ ಬಣ್ಣದ ಜಲಾಂತರ್ಗಾಮಿ ಇದೆ, ಗಲಿಬಿಲಿಯ ದೇವತೆ ಎರಿಸ್ ಇದ್ದಾಳೆ. ಲೋಕವನ್ನು ಹಿಡಿತದಲ್ಲಿಟ್ಟುಕೊಂಡ ಇಲ್ಯುಮಿನಾಟಿಗಳ ವಿರುದ್ಧ ನಿಲ್ಲುವ ಒಂದು ಗುಂಪು ಇದೆ. ಅದರ ಹೆಸರು 'ಜಸ್ಟಿಫೈಡ್ ಏನ್ಶಂಟ್ಸ್ ಆಫ್ ಮಮ್ಮು'. 1987ರಲ್ಲಿ ಡ್ರಮಂಡ್ ಮತ್ತು ಕಾಟಿ ಬ್ಯಾಂಡ್ ಕಟ್ಟಿದಾಗ ಇಟ್ಟುಕೊಂಡ ಮೊದಲ ಹೆಸರು ಇದೇ. ಅಕ್ಷರ ಸ್ವಲ್ಪ ಆಚೀಚೆ ಮಾಡಿ 'ಮೂ ಮೂ' ಅಂದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಇಲ್ಯುಮಿನಾಟಿ ಅಂದಾಕ್ಷಣ ನಮ್ಮ ಹುಡುಗರಿಗೂ ತ್ರಿಕೋನದೊಳಗಿನ ಕಣ್ಣು, ಸಿನಿಮಾ ತಾರೆಯರ ಕೈಸನ್ನೆ, ಯೂಟ್ಯೂಬಿನ ಕೆಂಪು ಬಾಣದ ಗುರುತು ನೆನಪಾಗುತ್ತದೆ. ನಿಜವಾದ ಇಲ್ಯುಮಿನಾಟಿ 1776ರ ಮೇ 1ರಂದು ಜರ್ಮನಿಯ ಬವೇರಿಯಾದಲ್ಲಿ ಆಡಂ ವೈಸ್‌ಹಾಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿದ ಸಣ್ಣ ಸಂಘ. ಹತ್ತು ವರ್ಷದೊಳಗೆ ಸರ್ಕಾರ ಅದನ್ನು ನಿಷೇಧಿಸಿತು. ಆ ಹಳೆಯ ಹೆಸರಿಗೆ 20ನೇ ಶತಮಾನದಲ್ಲಿ ಹೊಸ ಜೀವ ಬಂದದ್ದರಲ್ಲಿ ವಿಲ್ಸನ್ ಮತ್ತು ಗೆಳೆಯರ ಪಾಲು ದೊಡ್ಡದು. ಅವರು ಮಾಡಿದ್ದು ಲೇವಡಿ. ಜನ ಅದನ್ನು ವರದಿ ಅಂದುಕೊಂಡರು. ಈ ಲೇಖಕನನ್ನು ಮೆಚ್ಚುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲವನ್ನೂ ಅನುಮಾನಿಸಲು ಕಲಿಸಿದ ಆಟ, ಸಿಕ್ಕಿದ್ದನ್ನೆಲ್ಲ ನಂಬುವವರ ಕೈಗೂ ಹೋಯಿತು.

ವಿಲ್ಸನ್ ಬದುಕಿದ ರೀತಿಯೂ ಬರಹದ ಹಾಗೆಯೇ. ಎರಿಸ್ ದೇವತೆಯ ಹೆಸರಿನಲ್ಲಿ 'ಡಿಸ್ಕಾರ್ಡಿಯನಿಸಂ' ಎಂಬ ಅರ್ಧ ತಮಾಷೆ, ಅರ್ಧ ಗಂಭೀರ ಪಂಥವೊಂದಿತ್ತು. ಗ್ರೆಗ್ ಹಿಲ್ ಮತ್ತು ಕೆರಿ ಥಾರ್ನ್‌ಲಿ ಅದನ್ನು ಶುರು ಮಾಡಿದವರು. ಅದರ ಪ್ರಕಾರ ಭೂಮಿಯ ಮೇಲಿನ ಪ್ರತಿಯೊಬ್ಬರೂ ಪೋಪ್. ಹಾಗಂತ ಬರೆದ ಚೀಟಿಗಳನ್ನು ಹಂಚುತ್ತಿದ್ದರು. ವಿಲ್ಸನ್ ಈ ಪಂಥದ ದೊಡ್ಡ ಪ್ರಚಾರಕ. ಕೊನೆಗಾಲದಲ್ಲಿ ಆತ ಒಂದು ರಾಜಕೀಯ ಪಕ್ಷವನ್ನೂ ಕಟ್ಟಿದ. ಅಮೆರಿಕದ ಸಂಸತ್ತಿನ ಮೂರನೇ ಒಂದು ಭಾಗ ಸದಸ್ಯರನ್ನು ತೆಗೆದು ಆ ಜಾಗದಲ್ಲಿ ಆಸ್ಟ್ರಿಚ್ ಹಕ್ಕಿಗಳನ್ನು ಕೂರಿಸಬೇಕು ಅನ್ನುವುದು ಅದರ ಬೇಡಿಕೆ. 2006ರಲ್ಲಿ ಕಾಯಿಲೆ ಜೋರಾಗಿ ಮನೆಬಾಡಿಗೆಗೂ ಕಷ್ಟವಾದಾಗ ಓದುಗರೇ ಹಣ ಕಳಿಸಿದರು. 2007ರ ಜನವರಿ 11ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ.

ನಾಣ್ಯ ಹುಡುಕುವ ಪಾಠ

ವಿಲ್ಸನ್‌ನ ಮುಖ್ಯ ವಿಚಾರ ಕಷ್ಟದ್ದಲ್ಲ. ನಾವು ಜಗತ್ತನ್ನು ಇದ್ದ ಹಾಗೆ ನೋಡೋದಿಲ್ಲ. ಹುಟ್ಟಿದ ಮನೆ, ಕಲಿತ ಭಾಷೆ, ಭಯ, ಆಸೆ ಎಲ್ಲ ಸೇರಿ ಕಟ್ಟಿದ ಒಂದು ಸುರಂಗದ ಬಾಯಿಂದ ನೋಡುತ್ತೇವೆ. 'ರಿಯಾಲಿಟಿ ಟನಲ್' ಅನ್ನುವ ಈ ಮಾತನ್ನು ಆತ ಅಮೆರಿಕದ ಮನಶ್ಶಾಸ್ತ್ರಜ್ಞ ತಿಮೋಥಿ ಲಿಯರಿಯಿಂದ ತಗೊಂಡು ಬೆಳೆಸಿದ. ಸುರಂಗದಿಂದ ಪೂರ್ತಿ ಹೊರಗೆ ಬರೋಕೆ ಆಗೋದಿಲ್ಲ. ಆದರೆ ನಾನು ಸುರಂಗದಲ್ಲಿದ್ದೇನೆ ಅಂತ ಗೊತ್ತಿರಬಹುದು, ಬೇಕಾದಾಗ ಇನ್ನೊಂದು ಸುರಂಗಕ್ಕೆ ಹೊಕ್ಕು ನೋಡಬಹುದು. ಯಾವ ಮಾತಿಗೂ 'ಹೌದು', 'ಅಲ್ಲ' ಅಂತ ಎರಡೇ ಮನೆ ಇಡಬೇಡಿ, ನಡುವೆ 'ಇರಬಹುದು' ಅನ್ನುವ ಮನೆಯನ್ನೂ ಇಡಿ ಅನ್ನುತ್ತಿದ್ದ.

ಇದನ್ನೇ ಬರೀ ಬರೆದು ಬಿಟ್ಟಿದ್ದರೆ ಆತ ನೂರರಲ್ಲಿ ಒಬ್ಬ ಚಿಂತಕ ಆಗುತ್ತಿದ್ದ ಅಷ್ಟೇ. ವಿಶೇಷ ಏನು ಅಂದರೆ ಆತ ಓದುಗರಿಗೆ ಕೆಲಸ ಕೊಡುತ್ತಿದ್ದ. 1983ರ 'ಪ್ರೊಮೀಥಿಯಸ್ ರೈಸಿಂಗ್' ಪುಸ್ತಕದ ಪ್ರತಿ ಅಧ್ಯಾಯದ ಕೊನೆಗೆ ಅಭ್ಯಾಸಗಳಿವೆ. ಮೊದಲಿನ ಒಂದು ಅಭ್ಯಾಸ ಹೀಗಿದೆ: ಕಾಲು ಡಾಲರಿನ ನಾಣ್ಯವೊಂದನ್ನು ಮನಸ್ಸಿನಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಕಲ್ಪಿಸಿಕೊಳ್ಳಿ. ರಸ್ತೆಯಲ್ಲಿ ಅದು ನಿಮಗೆ ಸಿಕ್ಕೇ ಸಿಗುತ್ತದೆ ಅಂದುಕೊಳ್ಳಿ. ಓಡಾಡುವಾಗಲೆಲ್ಲ ಹುಡುಕಿ. ಸಿಕ್ಕಿದ ಮೇಲೆ ಎರಡು ವಿವರಣೆ ಕೊಟ್ಟುಕೊಳ್ಳಿ. ಒಂದು, ರಸ್ತೆಯಲ್ಲಿ ನಾಣ್ಯ ಯಾವಾಗಲೂ ಬಿದ್ದಿರುತ್ತವೆ, ಈಗ ಕಣ್ಣು ಅದಕ್ಕೇ ಕಾಯುತ್ತಿತ್ತು. ಇನ್ನೊಂದು, ಮನಸ್ಸೇ ನಾಣ್ಯವನ್ನು ಹುಟ್ಟಿಸಿತು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಮತ್ತೆ ಹುಡುಕಿ, ಯಾವುದನ್ನು ನಂಬಿದಾಗ ಏನಾಗುತ್ತದೆ ನೋಡಿ.

ಎರಡನೇ ವಿವರಣೆ ಹುಚ್ಚು, ನನಗೆ ಅನುಮಾನವಿಲ್ಲ. ಆದರೆ ಅಭ್ಯಾಸ ಕೆಲಸ ಮಾಡುತ್ತದೆ, ಯಾಕೆಂದರೆ ಅದನ್ನು ಓದಿ ಒಪ್ಪಿಕೊಂಡರೆ ಏನೂ ಆಗೋದಿಲ್ಲ. ಎದ್ದು ಹೋಗಿ ಹುಡುಕಬೇಕು. ಹುಡುಕುತ್ತಾ ಹೋದ ಹಾಗೆ ತನ್ನ ಕಣ್ಣು ತನ್ನನ್ನು ಹೇಗೆ ನಡೆಸಿಕೊಂಡು ಹೋಗುತ್ತದೆ ಅನ್ನೋದು ಹುಡುಕುವವನಿಗೇ ತಿಳಿಯುತ್ತದೆ.

23ರ ಕಥೆಯೂ ಇದೇ. ಲೇಖಕ ವಿಲಿಯಂ ಬರೋಸ್ ವಿಲ್ಸನ್‌ಗೆ ಒಬ್ಬ ಹಡಗಿನ ಕಪ್ತಾನನ ವಿಷಯ ಹೇಳಿದ್ದ. 23 ವರ್ಷ ಅಪಘಾತವಿಲ್ಲದೆ ಹಡಗು ನಡೆಸಿದೆ ಅಂತ ಕಪ್ತಾನ ಹೆಮ್ಮೆಪಟ್ಟ ದಿನವೇ ಅಪಘಾತವಾಯಿತಂತೆ. ಅದೇ ಸಂಜೆ ರೇಡಿಯೋದಲ್ಲಿ 23 ಸಂಖ್ಯೆಯ ವಿಮಾನ ಬಿದ್ದ ಸುದ್ದಿ ಬಂತಂತೆ. ಅಲ್ಲಿಂದ ವಿಲ್ಸನ್ ಎಲ್ಲ ಕಡೆ 23 ಹುಡುಕತೊಡಗಿದ, ಅದರ ಬಗ್ಗೆ ಬರೆದ, ಓದುಗರೂ ಹುಡುಕತೊಡಗಿದರು. ಹುಡುಕಿದವರಿಗೆಲ್ಲ ಸಿಕ್ಕಿತು. ಅದರಲ್ಲಿ ಆಶ್ಚರ್ಯ ಏನಿದೆ? 17 ಹುಡುಕಿದ್ದರೆ 17 ಸಿಗುತ್ತಿತ್ತು.

ಆದರೆ ಆಮೇಲೆ ನಡೆದದ್ದು ಮಜವಾಗಿದೆ. ಕಾಕತಾಳೀಯವನ್ನು ಕಾಯುತ್ತಾ ಕೂರುವ ಬದಲು ಜನ ತಾವೇ 23ನೇ ತಾರೀಕು ನೋಡಿ ಕೆಲಸ ಇಟ್ಟುಕೊಳ್ಳತೊಡಗಿದರು. ಅಲ್ಲಿಗೆ ಅದು ಮೂಢನಂಬಿಕೆಯಾಗಿ ಉಳಿಯಲಿಲ್ಲ, ಕ್ಯಾಲೆಂಡರ್ ಆಯಿತು. ದಿನ ಗೊತ್ತಾದರೆ ಕೆಲಸ ನಡೆಯುತ್ತದೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರೂ ಒಂದು ದಿನ ಒಂದು ಕಡೆ ಸೇರಬಹುದು.

ಗೋಂದು ತರಲು ಹೋದವನು

ಲಿವರ್‌ಪೂಲಿಗೆ ಈ ಕಾದಂಬರಿ ಬಂದದ್ದು ನಾಟಕವಾಗಿ. ಕೆನ್ ಕ್ಯಾಂಬೆಲ್ ಎಂಬ ರಂಗಕರ್ಮಿ, ನಟ ಕ್ರಿಸ್ ಲ್ಯಾಂಗ್‌ಹ್ಯಾಮ್ ಜೊತೆ ಸೇರಿ ಅದನ್ನು ರಂಗಕ್ಕೆ ಇಳಿಸಿದ. 1976ರ ನವೆಂಬರ್ 23ರಂದು ಮ್ಯಾಥ್ಯೂ ಸ್ಟ್ರೀಟಿನ ಒಂದು ಹಳೆಯ ಗೋದಾಮಿನಲ್ಲಿ ಆಟ ಶುರು. ಬೀಟಲ್ಸ್ ಹಾಡುತ್ತಿದ್ದ ಕ್ಯಾವರ್ನ್ ಕ್ಲಬ್ ಇದ್ದದ್ದು ಇದೇ ಬೀದಿಯಲ್ಲಿ. ಐದು ನಾಟಕ, ಪ್ರತಿ ನಾಟಕಕ್ಕೆ ಐದು ಅಂಕ, ಪ್ರತಿ ಅಂಕ 23 ನಿಮಿಷ. ಡಿಸ್ಕಾರ್ಡಿಯನ್ನರ ಪ್ರಕಾರ ಲೋಕದಲ್ಲಿ ಎಲ್ಲವೂ ಐದೈದಾಗಿ ನಡೆಯುತ್ತದೆ, ಅದಕ್ಕೇ ಐದರ ಲೆಕ್ಕ. ಆಗಿನ್ನೂ ಹೆಸರು ಮಾಡದ ಜಿಮ್ ಬ್ರಾಡ್‌ಬೆಂಟ್, ಬಿಲ್ ನೈ ಅದರಲ್ಲಿ ನಟಿಸಿದ್ದರು.

ಆ ಜಾಗದ ಆಯ್ಕೆಗೂ ಒಂದು ಕಥೆ ಇದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1927ರಲ್ಲಿ ಲಿವರ್‌ಪೂಲಿನ ಕನಸು ಕಂಡಿದ್ದ. ಮಳೆ, ಮಸಿ, ಕತ್ತಲೆಯ ಊರು, ನಡುವೆ ಒಂದು ಕೊಳ, ಕೊಳದಲ್ಲೊಂದು ದ್ವೀಪ, ದ್ವೀಪದಲ್ಲಿ ಹೂಬಿಟ್ಟ ಮರ. ಯೂಂಗ್ ಆ ಊರಿಗೆ ಹೋಗಿರಲೇ ಇಲ್ಲ. ಕನಸಿನ ಕೊಳ ಇದೇ ಬೀದಿಯಲ್ಲಿದೆ ಅಂತ ಗೋದಾಮು ನಡೆಸುತ್ತಿದ್ದ ಪೀಟರ್ ಒ'ಹ್ಯಾಲಿಗನ್ ತೀರ್ಮಾನಿಸಿ ಗೋಡೆಗೆ ಯೂಂಗ್‌ನ ಪ್ರತಿಮೆ ಕೂರಿಸಿದ. ಕೊಳ ಎಲ್ಲಿದೆ ಅಂತ ಕೇಳಿದರೆ ಬೀದಿಯ ಮ್ಯಾನ್‌ಹೋಲ್ ತೋರಿಸುತ್ತಾರೆ.

ಆ ನಾಟಕದ ರಂಗಸಜ್ಜಿಕೆ ಮಾಡಿದವನು ಇಪ್ಪತ್ಮೂರು ವರ್ಷದ ಬಿಲ್ ಡ್ರಮಂಡ್. (ವಯಸ್ಸು ನಾನು ಬೇಕಂತಲೇ ಹೇಳಿದ್ದು. 1953ರಲ್ಲಿ ಹುಟ್ಟಿದವನಿಗೆ 1976ರಲ್ಲಿ ಅಷ್ಟೇ ಆಗಬೇಕು. ನೋಡಿ, ಹುಡುಕಿದರೆ ಸಿಗುತ್ತದೆ.) 1977ರ ಮಾರ್ಚಿನಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಹೊಸ ರಂಗಮಂದಿರ ಕಾಟೆಸ್ಲೋ ಇದೇ ನಾಟಕದಿಂದ ಉದ್ಘಾಟನೆಯಾಯಿತು. ವಿಲ್ಸನ್ ಅಮೆರಿಕದಿಂದ ಬಂದು ನೋಡಿದ್ದಷ್ಟೇ ಅಲ್ಲ, ಒಂದು ದೃಶ್ಯದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಗುಂಪಿನ ನಡುವೆ ತಾನೂ ನಿಂತ. ಡ್ರಮಂಡ್ ಮಾತ್ರ ಅಷ್ಟು ಹೊತ್ತಿಗೆ ಅಲ್ಲಿರಲಿಲ್ಲ. ಗೋಂದು ತರುತ್ತೇನೆ ಅಂತ ಹೊರಗೆ ಹೋದವನು ವಾಪಸ್ ಬರಲೇ ಇಲ್ಲ. ಕಾದಂಬರಿ ಮಾತ್ರ ತಲೆಯಲ್ಲಿ ಉಳಿಯಿತು.

ಕೆನ್ ಕ್ಯಾಂಬೆಲ್ ಮತ್ತು ಆ ನಾಟಕದ ನಟಿ ಪ್ರುನೆಲ್ಲಾ ಜೀ ಅವರ ಮಗಳು ಡೈಸಿ ಕ್ಯಾಂಬೆಲ್ 2014ರ ನವೆಂಬರಿನಲ್ಲಿ ವಿಲ್ಸನ್‌ನ ಆತ್ಮಕಥೆಯಂಥ ಪುಸ್ತಕ 'ಕಾಸ್ಮಿಕ್ ಟ್ರಿಗರ್' ಅನ್ನು ಲಿವರ್‌ಪೂಲಿನಲ್ಲೇ ನಾಟಕ ಮಾಡಿದಳು. ಖರ್ಚಿನ ಹಣ ಅಭಿಮಾನಿಗಳೇ ಚಂದಾ ಎತ್ತಿ ಕೊಟ್ಟದ್ದು. ನಾಟಕ ನೋಡಲು ಬಂದವರು ಒಬ್ಬರನ್ನೊಬ್ಬರು ಗುರುತು ಹಿಡಿದರು, ಗೆಳೆಯರಾದರು. 2017ಕ್ಕೆ ಬೇಕಾದ ಜನ ಹೀಗೆ ಮೊದಲೇ ತಯಾರಾಗಿದ್ದರು.

ನಾಲ್ಕು ದಿನ

ಈಗ ಆಟಕ್ಕೆ ಬರೋಣ. 2017ರ ಆಗಸ್ಟ್ 23, ಮಧ್ಯರಾತ್ರಿ ಕಳೆದು 12 ಗಂಟೆ 23 ನಿಮಿಷ. ಬೋಲ್ಡ್ ಸ್ಟ್ರೀಟಿನಲ್ಲಿ 'ನ್ಯೂಸ್ ಫ್ರಮ್ ನೋವೇರ್' ಎಂಬ ಪುಸ್ತಕದಂಗಡಿ. ಎದುರು ಜನ ನೆರೆದಿದ್ದಾರೆ. ಗಂಟೆ ಬಾರಿಸುತ್ತಾ ಒಂದು ಐಸ್‌ಕ್ರೀಂ ವ್ಯಾನ್ ಬಂತು. ಒಳಗಿಂದ ಡ್ರಮಂಡ್ ಮತ್ತು ಕಾಟಿ ಇಳಿದರು. ಅಂಗಡಿಯೊಳಗೆ ಕೂತು ತಮ್ಮ ಹೊಸ ಕಾದಂಬರಿಗೆ ಮುದ್ರೆ ಒತ್ತಿಕೊಟ್ಟರು. ಕಾದಂಬರಿಯ ಹೆಸರು '2023'. ಅದನ್ನು ಬರೆದವಳು 'ರಾಬರ್ಟಾ ಆಂಟೋನಿಯಾ ವಿಲ್ಸನ್' ಎಂಬ ಹೆಂಗಸು ಅನ್ನುವುದು ಅದರೊಳಗಿನ ನೆಪ. ಋಣ ಯಾರದ್ದು ಅಂತ ಮುಚ್ಚಿಟ್ಟಿಲ್ಲ.

ಮೊದಲ ದಿನದ ಸಂಜೆ ನಡೆದದ್ದು ವಿಚಾರಣೆ. ಹಳೆಯ ಚರ್ಚೊಂದರಲ್ಲಿ ನಡೆಯುವ 'ಬ್ಲ್ಯಾಕ್-ಇ' ಎಂಬ ಕಲಾಕೇಂದ್ರದಲ್ಲಿ, 'ಇವರು ಹತ್ತು ಲಕ್ಷ ಪೌಂಡ್ ಯಾಕೆ ಸುಟ್ಟರು' ಅನ್ನುವ ಪ್ರಶ್ನೆ. ಮಾತಾಡಲು ಕಲಾವಿದ ಜೆರೆಮಿ ಡೆಲ್ಲರ್, ಅರ್ಥಶಾಸ್ತ್ರಜ್ಞೆ ಆ್ಯನ್ ಪೆಟಿಫರ್ ಮುಂತಾದವರು ಬಂದಿದ್ದರು. ಸುಟ್ಟವರು ಉತ್ತರ ಕೊಡಲಿಲ್ಲ. ಬೇರೆಯವರು ತಮಗೆ ತೋಚಿದ ಉತ್ತರ ಕೊಟ್ಟರು. ಯಾವುದು ಸರಿ ಅಂತ ಮತ ಹಾಕಿದ್ದು ಸಭೆ.

ಎರಡನೇ ದಿನದ ಕೆಲಸವೇ ನನಗೆ ಇಡೀ ಆಟದಲ್ಲಿ ತುಂಬಾ ಹಿಡಿಸಿದ್ದು. ಒಬ್ಬೊಬ್ಬ ಸ್ವಯಂಸೇವಕರಿಗೆ ಕಾದಂಬರಿಯ ಒಂದೊಂದು ಪುಟ. ಒಂದೇ ಅಧ್ಯಾಯದ ಪುಟಗಳು ಸಿಕ್ಕವರು ಒಂದು ಗುಂಪು. ಹಿಂದಿನ ದಿನದವರೆಗೆ ಮುಖ ನೋಡಿರದವರು ಕೂಡಿ ಕೂತು ತಮ್ಮ ಅಧ್ಯಾಯವನ್ನು ಆಡಿ ತೋರಿಸಬೇಕು. ಹಾಡಿ, ಕುಣಿದು, ಓದಿ, ಹೇಗಾದರೂ ಸರಿ. ಜಾಗ, ಸೇಂಟ್ ಲ್ಯೂಕ್ಸ್ ಚರ್ಚು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬು ಬಿದ್ದು ಚಾವಣಿ ಹೋದ ಕಟ್ಟಡ ಅದು. ಯುದ್ಧದ ನೆನಪಿಗೆ ಗೋಡೆಗಳನ್ನು ಹಾಗೇ ಉಳಿಸಿದ್ದಾರೆ. ಊರಿನವರ ಬಾಯಲ್ಲಿ ಅದು 'ಬಾಂಬ್ಡ್ ಔಟ್ ಚರ್ಚ್'. ಚಾವಣಿಯಿಲ್ಲದ ಆ ನಾಲ್ಕು ಗೋಡೆಯ ನಡುವೆ ಕಾದಂಬರಿ ಅಧ್ಯಾಯದ ಮೇಲೆ ಅಧ್ಯಾಯವಾಗಿ ಎದ್ದು ನಿಂತಿತು. ಪೂರ್ತಿ ಪುಸ್ತಕ ಓದಿದವರು ಆಗ ಎಷ್ಟು ಜನ ಇದ್ದರೋ. ಪುಸ್ತಕ ಬಂದು ಒಂದೇ ದಿನ ಆಗಿತ್ತು. ತನ್ನ ಪುಟ ತನಗೆ ಗೊತ್ತು. ಉಳಿದದ್ದು ಬೇರೆಯವರು ಆಡಿದಾಗ ಗೊತ್ತಾಗಬೇಕು.

ಗಮನಿಸಿ, ಸುರಂಗದ ವಿಚಾರ ಇಲ್ಲಿ ಎಲ್ಲೂ ಭಾಷಣವಾಗಿ ಬಂದಿಲ್ಲ. ಕೆಲಸದ ಹಂಚಿಕೆಯಲ್ಲೇ ಬಂದಿದೆ. 400 ಜನ, 400 ತುಂಡು, ಒಬ್ಬರ ಕೈಯಲ್ಲೂ ಇಡೀ ಕಥೆ ಇಲ್ಲ.

ಇದರ ಜೊತೆಗೆ ಒಂದು ಬ್ಯಾಂಡ್ ಕೂಡ ತಯಾರಾಯಿತು. ಹೆಸರು 'ಬ್ಯಾಜರ್ ಕಲ್'. ಸ್ವಯಂಸೇವಕರಲ್ಲೇ ಕೆಲವರನ್ನು ಆರಿಸಿ ಕಟ್ಟಿದ್ದು. ಅವರ ಹತ್ತಿರ ಇದ್ದದ್ದು ಒಂದೇ ಹಾಡು. ಕೆಎಲ್‌ಎಫ್ ಮತ್ತೆ ವೇದಿಕೆ ಹತ್ತುತ್ತದೆ ಅಂತ ಆಸೆ ಇಟ್ಟುಕೊಂಡು ಬಂದವರಿಗೆ ಸಿಕ್ಕಿದ್ದು ಇದು. ನಿರಾಸೆ ಆಗಿರಬಹುದು. ಆದರೆ ಹಳೆಯ ಹಾಡುಗಳನ್ನು ಇವರೇ ಬಾರಿಸಿದ್ದರೆ ಅದು ಇನ್ನೊಂದು ರಿಯೂನಿಯನ್ ಕಛೇರಿ ಆಗಿ, ನಾನೂರು ಜನ ಮೊಬೈಲ್ ಎತ್ತಿ ಹಿಡಿದು ಮತ್ತೆ ಪ್ರೇಕ್ಷಕರಾಗಿಬಿಡುತ್ತಿದ್ದರು.

ಕೊನೆಯ ದಿನ ಟಾಕ್ಸ್‌ಟೆತ್ ಪ್ರದೇಶದಿಂದ ಮೆರವಣಿಗೆ. ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡ ಜನ ಅದೇ ಐಸ್‌ಕ್ರೀಂ ವ್ಯಾನಿಗೆ ಹಗ್ಗ ಕಟ್ಟಿ, ಊರಿನ ಉತ್ತರದ ಬಂದರಿನ ಕಡೆಗೆ ಎಳೆದುಕೊಂಡು ಹೋದರು. ತೇರು ಎಳೆದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಹಗ್ಗಕ್ಕೆ ಕೈ ಹಾಕಿದವನಿಗೂ ಜಗಲಿಯ ಮೇಲೆ ನಿಂತು ನೋಡಿದವನಿಗೂ ಆದ ಜಾತ್ರೆ ಒಂದೇ ಅಲ್ಲ. ರಾತ್ರಿ ಮರದ ಪಿರಮಿಡ್ಡಿಗೆ ಬೆಂಕಿ ಇಟ್ಟರು. ಆಮೇಲೆ ಕುಣಿತ. ಬ್ರಿಟನ್ನಿನ ಹೆಸರಾಂತ ಗಾಯಕ ಜಾರ್ವಿಸ್ ಕಾಕರ್ ಕೂಡ ಬಂದು ಹಾಡಿದ.

ನೋಡುವುದು, ಓಡಾಡುವುದು, ಮಾಡುವುದು

'ಇಮ್ಮರ್ಸಿವ್', ಅಂದರೆ ನೋಡುವವರನ್ನು ಒಳಗೇ ಮುಳುಗಿಸುವಂಥದ್ದು, ಅನ್ನುವ ಹಣೆಪಟ್ಟಿ ಈಗ ಎಲ್ಲದಕ್ಕೂ ಅಂಟುತ್ತಿದೆ. ಗೋಡೆ ನೆಲವೆಲ್ಲ ಪ್ರೊಜೆಕ್ಟರಿನಿಂದ ವ್ಯಾನ್ ಗೋನ ಸೂರ್ಯಕಾಂತಿ ಬಿಟ್ಟು, ನಡುವೆ ನಿಲ್ಲಿಸಿ, ಸೆಲ್ಫಿ ತೆಗೆಸಿಕೊಳ್ಳುವ ಪ್ರದರ್ಶನಗಳೂ ಇಮ್ಮರ್ಸಿವ್ವೇ. ಅಲ್ಲಿ ನೀವು ಇದ್ದರೂ ಇಲ್ಲದಿದ್ದರೂ ಪ್ರೊಜೆಕ್ಟರ್ ಓಡುತ್ತದೆ.

ಇನ್ನೊಂದು ಬಗೆ, ಪಂಚ್‌ಡ್ರಂಕ್ ಎಂಬ ಬ್ರಿಟಿಷ್ ತಂಡದ ನಾಟಕಗಳದ್ದು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಇಟ್ಟುಕೊಂಡು ಕಟ್ಟಿದ ಅವರ 'ಸ್ಲೀಪ್ ನೋ ಮೋರ್' ನ್ಯೂಯಾರ್ಕಿನಲ್ಲಿ 2011ರಿಂದ 2025ರ ಜನವರಿಯವರೆಗೆ ನಡೆಯಿತು. ನೋಡಲು ಬಂದವರಿಗೆಲ್ಲ ಬಿಳಿ ಮುಖವಾಡ. ಮಾತಾಡುವ ಹಾಗಿಲ್ಲ. ಹಲವು ಮಹಡಿಗಳಲ್ಲಿ ಬೇಕಾದ ಕೋಣೆಗೆ ಹೋಗಬಹುದು, ಕಪಾಟು ತೆರೆದು ಪತ್ರ ಓದಬಹುದು, ಒಬ್ಬ ನಟನ ಹಿಂದೆ ಓಡಬಹುದು. ಯಾರ ಹಿಂದೆ ಓಡಿದಿರೋ ಅವರ ಕಥೆ ನಿಮ್ಮದು. ಇದು ಪ್ರೊಜೆಕ್ಟರಿಗಿಂತ ಎಷ್ಟೋ ಮೇಲು. ಆದರೂ ಮುಖವಾಡ ಹಾಕಿದವನು ದೆವ್ವದ ಹಾಗೆ ಸುಮ್ನೆ ಸುಳಿದಾಡುತ್ತಾನೆ. ಅವನು ಬರದಿದ್ದರೂ ಮ್ಯಾಕ್‌ಬೆತ್ ಸಾಯುತ್ತಾನೆ.

ಲಿವರ್‌ಪೂಲಿನಲ್ಲಿ ಹಾಗಿರಲಿಲ್ಲ. 137ನೇ ಪುಟದವನು ಬರದಿದ್ದರೆ 137ನೇ ಪುಟ ಇಲ್ಲ. ಹಗ್ಗ ಎಳೆಯದಿದ್ದರೆ ವ್ಯಾನ್ ನಿಂತಲ್ಲೇ ನಿಲ್ಲುತ್ತದೆ. ಪಾಲ್ಗೊಳ್ಳುವಿಕೆ ಅನ್ನೋದನ್ನು ಅಳೆಯಲು ನನಗೆ ಇದಕ್ಕಿಂತ ಸರಳ ಅಳತೆ ಗೊತ್ತಿಲ್ಲ. ಬಂದವರು ಕೈಕಟ್ಟಿ ನಿಂತರೆ ಕಾರ್ಯಕ್ರಮ ಕೆಡಬೇಕು. ಕೆಡುವ ಸಾಧ್ಯತೆಯೇ ಇಲ್ಲ ಅಂದರೆ ನಿಮ್ಮ ಪಾಲು ಅಲ್ಲಿ ಏನೂ ಇಲ್ಲ, ಟಿಕೆಟ್ ದುಡ್ಡು ಬಿಟ್ಟು.

ಲೇಖಕನ ಹೆಸರಿನಲ್ಲಿ ಕಾರ್ಯಕ್ರಮ ಮಾಡುವವರು ಸಾಮಾನ್ಯವಾಗಿ ಆತನ ಪಾತ್ರಗಳ ವೇಷ ಹಾಕುತ್ತಾರೆ, ಆತ ಕೂತ ಕುರ್ಚಿ ತೋರಿಸುತ್ತಾರೆ, ಸಾಲುಗಳನ್ನು ಗೋಡೆಗೆ ಬರೆಯುತ್ತಾರೆ. ಇಲ್ಲಿ ಬಂಗಾರದ ಜಲಾಂತರ್ಗಾಮಿಯ ಮಾದರಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಿ ಅನ್ನಬಹುದಿತ್ತು, ಅಲ್ವಾ? ಹಾಗೆ ಮಾಡಲಿಲ್ಲ. ವಿಲ್ಸನ್ ನಾಣ್ಯ ಹುಡುಕಲು ಕಳಿಸಿದ ಹಾಗೆ ಇವರು ಪುಟ ಕೊಟ್ಟು ಕಳಿಸಿದರು. ಪಾತ್ರಗಳನ್ನು ಬಿಟ್ಟು ಆತನ ಪದ್ಧತಿಯನ್ನು ತಗೊಂಡರು.

ಹಾಗಂತ ಎಲ್ಲವೂ ಸರಿಯಿತ್ತು ಅನ್ನಲಾರೆ. ನಾಲ್ಕು ದಿನ ರಜೆ ಹಾಕಿ, 100 ಪೌಂಡ್ ಕೊಟ್ಟು, ಊರಲ್ಲಿ ಉಳಿಯುವ ಖರ್ಚೂ ಹೊರಬಲ್ಲವರಿಗೆ ಮಾತ್ರ ಈ ಆಟ. ಟಾಕ್ಸ್‌ಟೆತ್ ಅಂದರೆ 1981ರಲ್ಲಿ ಬಡತನ ಮತ್ತು ಪೊಲೀಸರ ಕಾಟಕ್ಕೆ ಸಿಡಿದು ಗಲಭೆಯೆದ್ದ ಜಾಗ. ಒಂದು ಕಾಲಕ್ಕೆ ಹತ್ತು ಲಕ್ಷ ಪೌಂಡ್ ಸುಟ್ಟವರು ಅದೇ ಬೀದಿಗಳಲ್ಲಿ ಬಣ್ಣ ಬಳಿದವರನ್ನು ಕರೆದುಕೊಂಡು ಹೋದರು. ಕಿಟಕಿಯಿಂದ ನೋಡಿದ ಅಲ್ಲಿನವರಿಗೆ ಏನನ್ನಿಸಿತೋ, ಆ ಸುರಂಗಕ್ಕೆ ಟಿಕೆಟ್ ಇಟ್ಟಿರಲಿಲ್ಲ.

23 ಗ್ರಾಂ

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಒಳ್ಳೆಯ ಮೋಜು. ಕೊನೆಯ ದಿನ ಇಬ್ಬರೂ ತಮ್ಮ ಹೊಸ ಉದ್ಯೋಗ ಹೇಳಿದರು: ಶವಸಂಸ್ಕಾರ. ಇಂಗ್ಲೆಂಡಿನ ಡೆವನ್ ಭಾಗದಲ್ಲಿ ಅಂತ್ಯಕ್ರಿಯೆಯ ಸಂಸ್ಥೆ ನಡೆಸುತ್ತಿದ್ದ ರೂಪರ್ಟ್ ಮತ್ತು ಕ್ಲೇರ್ ಕ್ಯಾಲೆಂಡರ್ ಜೊತೆ ಕೂಡಿಕೊಂಡಿದ್ದರು. ನಾಲ್ಕು ದಿನದಲ್ಲಿ ಬಂದ ತಲೆಬುರುಡೆ, ಪಿರಮಿಡ್ ಎಲ್ಲವೂ ಇದಕ್ಕೆ ಪೀಠಿಕೆ.

ಯೋಜನೆಯ ಹೆಸರು 'ಪೀಪಲ್ಸ್ ಪಿರಮಿಡ್'. ಎತ್ತರ 23 ಅಡಿ. ಬೇಕಾದ ಇಟ್ಟಿಗೆ 34,592. ಇವು ಬರೀ ಇಟ್ಟಿಗೆಗಳಲ್ಲ. ಒಂದೊಂದರಲ್ಲಿ ಸತ್ತ ಒಬ್ಬೊಬ್ಬರ ಬೂದಿ 23 ಗ್ರಾಂ. ವಿದ್ಯುತ್ ಅಥವಾ ಅನಿಲ ಚಿತಾಗಾರದಲ್ಲಿ ಸುಟ್ಟ ದೊಡ್ಡವರ ದೇಹದಿಂದ ಉಳಿಯೋದು ಸುಮಾರು 2ರಿಂದ 3 ಕಿಲೊ, ಹೆಚ್ಚಿನದು ಪುಡಿ ಮಾಡಿದ ಮೂಳೆ. ಅದರಲ್ಲಿ ನೂರನೇ ಒಂದು ಪಾಲು ಇಟ್ಟಿಗೆಗೆ ಹೋಗುತ್ತದೆ. ಉಳಿದದ್ದನ್ನು ಮನೆಯವರು ಹೊಳೆಗೆ ಬಿಡಲಿ, ತೋಟಕ್ಕೆ ಹಾಕಲಿ, ಅವರಿಷ್ಟ. ಬೂದಿ ಸೇರಿಸಿದ ಇಟ್ಟಿಗೆಯನ್ನು ಗೂಡಿನಲ್ಲಿ ಸುಡುತ್ತಾರೆ. ದರ 99 ಪೌಂಡ್ ಅಂತ ಇಟ್ಟರು. ಬದುಕಿರುವಾಗಲೇ ಹೆಸರು ಬರೆಸಿ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳಬಹುದು. ಮೊದಲ ಬೂದಿ ಜಿಮ್ಮಿ ಕಾಟಿಯ ತೀರಿಹೋದ ಅಣ್ಣತಮ್ಮಂದಿರಲ್ಲೊಬ್ಬನದು. ಇಟ್ಟಿಗೆ ಇಡುವ ದಿನ ನವೆಂಬರ್ 23, 'ಟಾಕ್ಸ್‌ಟೆತ್ ಡೇ ಆಫ್ ದ ಡೆಡ್'. ಬುನಾದಿ ಬಿದ್ದದ್ದು 2018ರಲ್ಲಿ. ತಾರೀಕು ಗುರುತು ಸಿಕ್ಕಿತಲ್ಲ? 1976ರಲ್ಲಿ ನಾಟಕ ಶುರುವಾದ ದಿನವೂ ಅದೇ.

ನಾಲ್ಕು ದಿನದ ಆಟದಲ್ಲಿ ಪರಿಚಯವಾದವರು ಆಮೇಲೆ ವರ್ಷಕ್ಕೊಮ್ಮೆ ಸೇರಲು ಇದೊಂದು ಕಾರಣವಾಯಿತು. ಈಗ ಅಲ್ಲಿಗೆ ಬರುವವರಲ್ಲಿ ಕೆಎಲ್‌ಎಫ್ ಹೆಸರೇ ಗೊತ್ತಿಲ್ಲದ ಅಜ್ಜಿಯರೂ ಇರಬಹುದು, ಮಗನ ಇಟ್ಟಿಗೆ ಹಿಡಿದು. ಆಗ 23ರ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ. ತಕ್ಕಡಿಯಲ್ಲಿ ತೂಗಿ ತೆಗೆದ 23 ಗ್ರಾಂ ಅಂದರೆ ಚಮಚದ ಲೆಕ್ಕ, ಆದರೆ ಅದು ಒಬ್ಬ ಮನುಷ್ಯನದು.

ಲೆಕ್ಕ ಮಾತ್ರ ಸುಲಭವಿಲ್ಲ. ವರ್ಷಕ್ಕೆ ನೂರು ಇಟ್ಟಿಗೆ ಸಿಕ್ಕಿದರೂ ಪಿರಮಿಡ್ ಮುಗಿಯಲು ಸುಮಾರು 346 ವರ್ಷ ಬೇಕು. ಕಡಿಮೆ ಸಿಕ್ಕಿದರೆ ಇನ್ನೂ ಜಾಸ್ತಿ. ಶುರು ಮಾಡಿದ ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಅವರ ಇಟ್ಟಿಗೆಗಳೂ ಕೆಳಗಿನ ಸಾಲುಗಳಲ್ಲೇ ಸೇರಿಹೋಗುತ್ತವೆ. ಅಲ್ಲಿಂದ ಮುಂದಕ್ಕೆ ಯಾರೋ ಬೂದಿ ತೂಗಬೇಕು, ಗೂಡು ಹಚ್ಚಬೇಕು, ಜಾಗ ಕಾಯಬೇಕು, ನವೆಂಬರ್ 23ಕ್ಕೆ ಜನರನ್ನು ಕರೆಯಬೇಕು. ಅದಕ್ಕೆ ಸ್ವಯಂಸೇವಕರು ಬೇಕು.